ಜೋಡುನಳಿಗೆಯ ಬೇಟೆ

"ಈ ಕೋವೀಲಿ ಸಾರಂಗ ಹೊಡೆದ್ರೆ, ಮುಖಕ್ಕೆ ಬಳಿಯೋ ರಕ್ತಾನ ಹೊತ್ತು ಮುಳುಗೋವರೆಗೂ ತೊಳೀಬೇಡಪ್ಪ," ಎಂದಳು ಮುದುಕಿ ಇಶ್ಬೆಲ್.

ಲೆನರ್ಡ್ ಪೀಕ್ ಹಲ್ಲುಕಿರಿದ. ಬರ್ಮಿಂಗ್‌ಹ್ಯಾಮಿನಲ್ಲಿ ಹಳೆಯ ಕೋವಿಗಳ ವ್ಯಾಪಾರಿ ಆತ. ಈ ಜೋಡುನಳಿಗೆಯ ಬೇಟೆಕೋವಿಯ ಮೂಲ ಹುಡುಕುತ್ತ, ಅದರ ಹಿಡಿಯ ಮೇಲೆ ಕೊರೆದಿದ್ದ ಕಣಿವೆಯ ಹೆಸರೊಂದನ್ನೇ ನಂಬಿ, ಸ್ಕಾಟ್ಲೆಂಡಿನ ಈ ಗುಡ್ಡಗಳಿಗೆ ಬಂದಿದ್ದ. ಜೊತೆಗೆ ತಮ್ಮ ಡೆಸ್ಮಂಡ್. ತಾಯಿಯಿಲ್ಲದ ಆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು ಲೆನರ್ಡನೇ. ಅಣ್ಣನಿಗೂ ಬೇರೆ ಯಾರೂ ಇರಲಿಲ್ಲ.

"ಇದು ನಮ್ಮ ಹಳೇ ಜಮೀನ್ದಾರಂದು," ಮುದುಕಿ ಕೋವಿಯತ್ತ ಬೆರಳು ತೋರಿದಳು. "ಸಾರಂಗ ಅಂದ್ಕೊಂಡು ನಮ್ಮ ಮುತ್ತಜ್ಜಿ ಮಗನ್ನ ಹೊಡೆದ. ಮುಖಕ್ಕೆ ಸಿಡಿದ ರಕ್ತ ತೊಳ್ಕೊಂಡು ಊಟಕ್ಕೆ ಕೂತ. ಮುತ್ತಜ್ಜಿ ನಳಿಗೆಗೆ ಉಗಿದು ಮಾಟ ಮಾಡಿದ್ಲು. ರಕ್ತ ತೊಳೆದವನು ತನ್ನವರ ರಕ್ತ ಕೊಡ್ಬೇಕು."

"ಭಲೇ ಅಜ್ಜಿ! ಮೂಲ ಕೇಳಿದ್ರೆ ಶಾಪನೂ ಪುಕ್ಕಟೆ ಕೊಟ್ರಲ್ಲ!"

ಮಧ್ಯಾಹ್ನ ಗುಡ್ಡದಲ್ಲಿ ಮೊದಲ ಗುಂಡಿಗೇ ಸಾರಂಗ ಉರುಳಿತು. ಜೀವಮಾನವಿಡೀ ಕೋವಿ ಮಾರಿದವನಿಗೆ ಅದೇ ಮೊದಲ ಬೇಟೆ. ಡೆಸ್ಮಂಡ್ ಅದರ ಹೊಟ್ಟೆ ಸೀಳಿದ. ಬಿಸಿ ಕರುಳಿನ ನಾತ ಗಪ್ಪನೆ ಮೂಗಿಗೆ ಹೊಡೆಯಿತು. ಅಲ್ಲಿಯ ಪದ್ಧತಿಯಂತೆ ನೆತ್ತರಿನಲ್ಲಿ ಕೈ ಅದ್ದಿ ಅಣ್ಣನ ಕೆನ್ನೆಗೆ ಬಳಿದ.

"ಈಗ ಬೇಟೆಗಾರ ಆದೆ ಅಣ್ಣಾ!"

ನೆತ್ತರಿನ ವಾಸನೆಗೆ ನುಸಿಗಳು ಮುತ್ತಿದವು. ಕಣ್ಣು, ಮೂಗು, ಕಿವಿ, ಎಲ್ಲೆಲ್ಲೂ ನುಸಿ. ಲೆನರ್ಡ್ ತೊರೆಗೆ ಓಡಿದ.

"ಬೇಡ ಅಣ್ಣಾ, ಅಜ್ಜಿ ಹೇಳಿದ್ದು..."

"ಅಜ್ಜೀನ ನುಸಿ ಕಚ್ತಾ ಇಲ್ವಲ್ಲೋ!"

ಬೊಗಸೆ ತುಂಬ ನೀರೆತ್ತಿ ಮುಖ ತೊಳೆದ. ಕೆಂಪು ನೀರು ಇಳಿಜಾರಿಗೆ ಹರಿಯಲಿಲ್ಲ. ಕಲ್ಲುಗಳ ಮೇಲೆ ತೆವಳುತ್ತ ಗುಡ್ಡ ಹತ್ತತೊಡಗಿತು. ಹಿಂದೆಯೇ ಮಂಜು ಕವಿಯಿತು.

ಬೆನ್ನ ಹಿಂದೆ ಗೊರಸಿನ ಸದ್ದು.

ತಿರುಗಿದ. ಸತ್ತ ಸಾರಂಗ ಎದ್ದು ನಿಂತಿತ್ತು. ಸೀಳಿದ ಹೊಟ್ಟೆಯಿಂದ ಕರುಳು ನೆಲಕ್ಕೆ ಎಳೆಯುತ್ತಿತ್ತು. ಬಾಯಲ್ಲಿ ನೊರೆ. ಕಣ್ಣು ಅವನ ಮೇಲೆಯೇ. ಹತ್ತಿರ ಬಂತು. ಇನ್ನೂ ಹತ್ತಿರ. ಎರಡನೆಯ ನಳಿಗೆಯಲ್ಲಿ ಗುಂಡು ಹಾಗೇ ಇತ್ತು. ದಡದಲ್ಲಿಟ್ಟಿದ್ದ ಕೋವಿ ಎತ್ತಿದ. ಕೊಂಬು ಎದೆಗೆ ಬಗ್ಗಿತು. ಕೋವಿಯ ಕುದುರೆ ಎಳೆದ.

ಢಮ್!

"ಅಣ್ಣಾ..." ಎಂದಿತು ಸಾರಂಗ.

ಮಂಜು ಸರಿಯಿತು. ಸಾರಂಗ ಉರುಳಿದ ಕಡೆಯೇ ತಣ್ಣಗೆ ಬಿದ್ದಿತ್ತು. ತೊರೆಯ ಬಳಿ ಡೆಸ್ಮಂಡ್, ಹರಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ಬಾಯಿ ಬಾಯಿ ಬಿಡುತ್ತಿದ್ದ. ಲೆನರ್ಡ್ ಬಾಚಿ ತಬ್ಬಿಕೊಂಡ. ಆ ಬಾಯಿ ಮತ್ತೆ ಮಾತಾಡಲಿಲ್ಲ.

ಗುಂಡಿನ ಸದ್ದು ಕೇಳಿ ಇಶ್ಬೆಲ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಾಗ, ಲೆನರ್ಡ್ ತಮ್ಮನ ನೆತ್ತರನ್ನು ಬೊಗಸೆ ಬೊಗಸೆಯಾಗಿ ತನ್ನ ಮುಖಕ್ಕೆ ಬಳಿದುಕೊಳ್ಳುತ್ತಿದ್ದ.

"ತೊಳೆಯಲ್ಲ ಅಜ್ಜಿ, ಸಾಯೋವರೆಗೂ ತೊಳೆಯಲ್ಲ. ಏಳೋ ಅಂತ ಇವನಿಗೆ ಒಂದು ಮಾತು ಹೇಳಿ."