‘ಊಟ ಆಯ್ತಾ’ ಎಂಬ ವೈಫೈ

ಜುಲೈ 16, ಬುಧವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ದೂರು ನಾಲ್ಕೇ ಸಾಲಿನದು. ಧಾರಿಣಿ, ವಯಸ್ಸು 23, ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆ ಕೋಣೆ. ಅವಳಿಗೆ ಸಿಕ್ಕಿದ್ದ ಪಿಎಚ್‌ಡಿ ಸೀಟನ್ನು ಸೋಮವಾರ ಮಧ್ಯಾಹ್ನ 3.12ಕ್ಕೆ ಯಾರೋ ಅವಳ ಹೆಸರಿನಲ್ಲೇ ಜಾಲತಾಣಕ್ಕೆ ಹೊಕ್ಕು ಬಿಟ್ಟುಕೊಟ್ಟಿದ್ದಾರೆ. ನಾಳೆ ಸಂಜೆ ಐದಕ್ಕೆ ಅದು ಕಾಯುವ ಪಟ್ಟಿಯ ಮೊದಲಿಗರ ಪಾಲು.

ಇನ್‌ಸ್ಪೆಕ್ಟರ್ ದೇವೇಂದ್ರಪ್ಪ ಓದಿ ಮುಗಿಸುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಸತ್‌ಬೀರ್ ಹಿಂದಿಯಲ್ಲಿ ತೀರ್ಪು ಕೊಟ್ಟಾಗಿತ್ತು.

“ತಾನೇ ಬಿಟ್ಟು ಈಗ ಅಳ್ತಿದಾಳೆ ಸಾಬ್. ಅರ್ಜಿ ತುಂಬಿದ್ದೂ ಸೀಟು ಬಿಟ್ಟಿದ್ದೂ ಒಂದೇ ಇಂಟರ್ನೆಟ್‌ನಿಂದ. ಯೂನಿವರ್ಸಿಟಿಯವರೇ ಬರೆದು ಕೊಟ್ಟಿದ್ದಾರೆ.”

ದೇವೇಂದ್ರಪ್ಪ ದೆಹಲಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದ, ಕನ್ನಡಿಗ ಗುಮಾಸ್ತರ ಮಗ. ಹುಡುಗಿಯನ್ನು ಕನ್ನಡದಲ್ಲೇ ಕೇಳಿದರು.

“ನೆಟ್ ಯಾರದಮ್ಮ?”

“ನಂದಲ್ಲ ಸರ್.” ಅವಳು ನೆಲ ನೋಡಿದಳು. “ಪಕ್ಕದ ಬಿಲ್ಡಿಂಗ್‌ದು. ಪಾಸ್‌ವರ್ಡ್ ಇರಲಿಲ್ಲ.”

“ಯಾರದು ಅಂತ ಗೊತ್ತಿಲ್ದೆ?”

“ಹೆಸರು ಕನ್ನಡದಲ್ಲಿತ್ತು ಸರ್. ನಮ್ಮೋರೇ ಯಾರೋ ಅಂದ್ಕೊಂಡೆ.”

ಫೋನ್ ತೋರಿಸಿದಳು. ಹತ್ತಾರು ಇಂಗ್ಲಿಷ್ ಹೆಸರುಗಳ ನಡುವೆ ಒಂದೇ ಒಂದು ಕನ್ನಡದ ಹೆಸರು: ಊಟ ಆಯ್ತಾ.

ಸತ್‌ಬೀರ್ ಬಗ್ಗಿ ನೋಡಿದ. “ಇದೇನು ಸಾಬ್, ಜಿಲೇಬಿ?”

“ಗಾಳ. ನೀನು ಕಚ್ಚೋದಿಲ್ಲ. ನಾನಾಗಿದ್ರೆ ಕಚ್ತಿದ್ದೆ.” ಮತ್ತೆ ಅವಳತ್ತ ತಿರುಗಿದರು. “ಅದು ಏನಾದ್ರೂ ಕೇಳ್ತಾ?”

“ಈ ತಿಂಗಳಿಂದ ಒಂದು ಪುಟ ಬರ್ತಿತ್ತು. ಇಮೇಲ್ ಹಾಕಿ, ಹೊಸ ಪಾಸ್‌ವರ್ಡ್ ಮಾಡ್ಕೊಳ್ಳಿ ಅಂತ.”

“ಹೊಸದು ಮಾಡ್ಕೊಂಡ್ಯಾ?”

“ಇಲ್ಲ. ಎಲ್ಲಾ ಕಡೆ ಹಾಕೋದನ್ನೇ ಹಾಕಿದೆ.”

“ಇಮೇಲ್‌ಗೂ ಅದೇ?”

ಅವಳು ಹೌದೆಂದು ತಲೆಯಾಡಿಸಿದಳು. ಇಮೇಲ್‌ಗೆ ಬಂದ ಒಟಿಪಿಯನ್ನು ಓದಿ ಅಳಿಸಲು ಕಳ್ಳನಿಗೆ ಇನ್ನೇನೂ ಬೇಕಿರಲಿಲ್ಲ. 11.45ಕ್ಕೆ ಎಫ್‌ಐಆರ್ ದಾಖಲಾಯಿತು.

ಗುರುವಾರ ಬೆಳಿಗ್ಗೆ 9.30ಕ್ಕೆ ಇಂಟರ್ನೆಟ್ ಕಂಪನಿಯ ಉತ್ತರ ಬಂತು. ಸಂಪರ್ಕ ಪಕ್ಕದ ಕಟ್ಟಡದ ಮೂರನೇ ಮಹಡಿಯದು, ಬಾಡಿಗೆಗಿರುವವನು ಶ್ರೇಯಸ್, 25. ಹತ್ತು ಗಂಟೆಗೆ ವಿಶ್ವವಿದ್ಯಾಲಯದ ಕಾಯುವ ಪಟ್ಟಿ ಬಂತು. ಮೊದಲ ಹೆಸರು ಶ್ರೇಯಸ್.

ಸತ್‌ಬೀರ್ ಟೋಪಿ ತೆಗೆದುಕೊಂಡ. “ಚಲೋ ಸಾಬ್, ಎತ್ಕೊಂಡು ಬರೋಣ.”

“ಬೀಗ ಇಲ್ಲದ ವೈಫೈ. ಗಲ್ಲಿಯಲ್ಲಿ ಯಾರಾದ್ರೂ ಮಾಡಿರಬಹುದು ಅಂತಾನೆ. ಅದಕ್ಕೆ ಉತ್ತರ ಅವನ ಕೋಣೆಯಲ್ಲೇ ಸಿಗಬೇಕು.”

12.15ಕ್ಕೆ ಬಾಗಿಲು ತಟ್ಟಿದರು. ಪಂಚರಾಗಿ ಮನೆ ಮಾಲೀಕ ಮತ್ತು ಕೆಳಗಿನ ಇಸ್ತ್ರಿ ಭಯ್ಯಾ. ಇನ್‌ಸ್ಪೆಕ್ಟರ್ ಎದೆಯ ಮೇಲಿನ ಹೆಸರು ಓದಿ ಶ್ರೇಯಸ್ ಮುಖ ಅರಳಿತು.

“ಕನ್ನಡದವರಾ ಸರ್? ಊಟ ಆಯ್ತಾ?”

“ಆಗಬೇಕು. ವೈಫೈಗೆ ಬೀಗ ಯಾಕಿಲ್ಲ?”

“ಸ್ಟೂಡೆಂಟ್ಸ್ ಸರ್, ಬಳಸ್ಕೊಳ್ಳಲಿ ಅಂತ. ಯಾರು ಏನು ಮಾಡ್ತಾರೋ ನಂಗೇನು ಗೊತ್ತು?”

“ಇಮೇಲ್ ಕೇಳೋ ಪುಟ ಯಾರದು?”

“ನಂದೇ. ಸುಮ್ನೆ... ಲೆಕ್ಕಕ್ಕೆ.”

“ಅಚ್ಛಾ. ಲೆಕ್ಕ ತೋರಿಸು.”

ಲ್ಯಾಪ್‌ಟಾಪ್‌ನಲ್ಲಿ ಹನ್ನೊಂದು ಜನರ ಇಮೇಲ್, ಪಾಸ್‌ವರ್ಡ್, ಬಂದ ಹೊತ್ತು, ಹೋದ ಹೊತ್ತು ಇದ್ದವು. ದೇವೇಂದ್ರಪ್ಪ ಸೋಮವಾರದ ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಇಳಿದರು.

“ಗಲ್ಲಿಯವರು ಯಾರೇ ಬಂದ್ರೂ ಇಲ್ಲಿ ಹೆಸರು ಬರೆಸಿಯೇ ಒಳಗೆ ಬರಬೇಕು. ಹೌದಾ?”

“ಹೌದು ಸರ್.”

“ಸೋಮವಾರ ಎರಡರಿಂದ ನಾಲ್ಕರವರೆಗೆ ಒಬ್ಬರೂ ಇಲ್ಲ. ಸೀಟು ಹೋಗಿದ್ದು 3.12ಕ್ಕೆ, ಇದೇ ನೆಟ್‌ನಿಂದ. ಹೆಸರು ಬರೆಸದೆ ಒಳಗಿರೋನು ಯಾರಪ್ಪ?”

ಶ್ರೇಯಸ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ. ಕನ್ನಡ ಬಾರದ ಸತ್‌ಬೀರ್‌ಗೂ ಅದು ಅರ್ಥವಾಯಿತು. ರೌಟರ್, ಲ್ಯಾಪ್‌ಟಾಪ್ ಜಪ್ತಿಯಾದವು. ಪಂಚನಾಮೆಗೆ ಸಹಿ ಬಿದ್ದು, 2.10ಕ್ಕೆ ಅವನ ಬಂಧನವಾಯಿತು. ದೇವೇಂದ್ರಪ್ಪನವರ ಪತ್ರ ಹಿಡಿದು ಸತ್‌ಬೀರ್ ವಿಶ್ವವಿದ್ಯಾಲಯಕ್ಕೆ ಬೈಕ್ ಓಡಿಸಿದ. 4.35ಕ್ಕೆ ಸೀಟು ಧಾರಿಣಿಗೆ ಮರಳಿತು.

“ಪಾಸ್‌ವರ್ಡ್ ಬದಲಾಯಿಸಿದ್ಯಾ?” ದೇವೇಂದ್ರಪ್ಪ ಫೋನಿನಲ್ಲಿ ಕೇಳಿದರು.

“ಎಲ್ಲಾ ಕಡೆ ಸರ್.”

“ಎಲ್ಲಾ ಕಡೆ ಒಂದೇನಾ?”

“ಈಗ್ಲೇ ಬದಲಾಯಿಸ್ತೀನಿ ಸರ್.”

ಜಾಮೀನು ಸಿಗುವ ಅಪರಾಧ. ಆರು ಗಂಟೆಗೆ ದೆಹಲಿಯದೇ ದ್ವಾರಕಾ ಬಡಾವಣೆಯಿಂದ ಶ್ರೇಯಸ್ ತಂದೆ ಕೇಶವಮೂರ್ತಿ ಬಂದರು. ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಕುತ್ತಿಗೆಯಲ್ಲಿ ಆಫೀಸಿನ ಕಾರ್ಡ್ ಇನ್ನೂ ಇತ್ತು. ದೇವೇಂದ್ರಪ್ಪ ಮಗನ ಹೇಳಿಕೆಯನ್ನು ಮುಂದಿಟ್ಟರು. ಎರಡು ವರ್ಷ ಸೀಟು ಸಿಕ್ಕಿರಲಿಲ್ಲ. ಈ ಸಲ ಕಾಯುವ ಪಟ್ಟಿಯಲ್ಲಿದ್ದಾಗಲೇ ಸಿಕ್ಕಿತೆಂದು ಮನೆಯಲ್ಲಿ ಹೇಳಿದ್ದ. ತಂದೆ ಅದನ್ನು ಅಂದೇ ಕನ್ನಡ ಸಂಘದ ಗ್ರೂಪಿಗೆ ಹಾಕಿದ್ದರು. ವೈಫೈ ಬಳಸುವವರು ಯಾರೆಂದು ನೋಡಲು ಮಾಡಿದ ಪುಟದಲ್ಲಿ, ಆಯ್ಕೆ ಪಟ್ಟಿಯಲ್ಲಿ ತನ್ನ ಸೀಟಿಗೆ ಅಡ್ಡವಾಗಿದ್ದ ಧಾರಿಣಿಯ ಹೆಸರು ತಾನಾಗಿ ಬಂದು ಕೂತಿತ್ತು.

ಕೇಶವಮೂರ್ತಿ ಹೇಳಿಕೆಯನ್ನು ಆಫೀಸಿನ ಕಡತದಂತೆ ಕೊನೆಯ ಸಾಲಿನವರೆಗೂ ಓದಿದರು.

“ಬರೋ ಭಾನುವಾರ ಸಂಘದಲ್ಲಿ ಅವನಿಗೆ ಸನ್ಮಾನ ಇತ್ತು ಸಾರ್,” ಎಂದರು. “ಶಾಲು ನಾನೇ ತಂದಿಟ್ಟಿದೀನಿ.”

ದೇವೇಂದ್ರಪ್ಪ ಜಾಮೀನು ಪತ್ರವನ್ನು ಅವರತ್ತ ಸರಿಸಿ, ಸಹಿ ಹಾಕಬೇಕಾದ ಜಾಗ ತೋರಿಸಿದರು.