ತಾರಷಡ್ಜಕ್ಕೆ ಮೊದಲು

ಗದಗಿನ ಆ ಶಾಲೆಯಲ್ಲಿ ಆರನೆಯ ತರಗತಿಯ ಮಕ್ಕಳು ಕೊರಳಿಗೆ ಸ್ವರಕಂಠಿ ಕಟ್ಟಿಕೊಂಡು ಭೂಪಾಲಿ ರಾಗ ಹಾಡುತ್ತಿದ್ದರು. ಬೆರಳಗಲದ ಆ ಮೆದು ಪಟ್ಟಿಯಲ್ಲಿ ನುರಿತ ಗಾಯಕಿಯೊಬ್ಬರ ಸ್ನಾಯುಸ್ಮೃತಿ ತುಂಬಿತ್ತು. ಹಾಡುವಾಗ ಅವರ ಗಂಟಲು, ನಾಲಿಗೆ, ತುಟಿಗಳು ಹೇಗೆ ಚಲಿಸಿದ್ದವೋ ಅದನ್ನೇ ಸಣ್ಣ ವಿದ್ಯುತ್ ಮಿಡಿತಗಳಾಗಿ ಪಟ್ಟಿ ಮಕ್ಕಳಿಗೆ ದಾಟಿಸುತ್ತಿತ್ತು. ವರ್ಷಗಟ್ಟಲೆ ಸಾಧನೆ ಬೇಡುವ ವಿದ್ಯೆ ಒಂದು ಮಳೆಗಾಲದೊಳಗೆ ಕೈಗೂಡುತ್ತಿತ್ತು.

ಆ ಗಾಯಕಿ ಸುಭದ್ರಾಬಾಯಿ. ತೀರಿಕೊಳ್ಳುವ ಮುನ್ನ ಪ್ರಯೋಗಾಲಯದಲ್ಲಿ ಕುಳಿತು ಹಾಡಿಕೊಟ್ಟಿದ್ದರು. ಅವರ ಮಗಳು ಮಂದಾಕಿನಿ ಶಾಲೆಯ ಸಂಗೀತ ಶಿಕ್ಷಕಿ. ತಾಯಿಯ ಧಾಟಿ ಎಳೆಯ ಕಂಠಗಳಲ್ಲಿ ಮೊದಲ ಸಲ ಕೇಳಿದಾಗ ಅವಳಿಗೆ ಕಣ್ಣು ತುಂಬಿ ಬಂದಿತ್ತು.

ಅಂದು ಬೆಳಿಗ್ಗೆ ಮೊದಲ ಸಲ ತಾರಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ, ಏರಹೊರಟಾಗ ಮಕ್ಕಳೆಲ್ಲರ ತುಟಿಗಳೂ ಒಟ್ಟಿಗೆ ಮುಚ್ಚಿಕೊಂಡವು. ಉಸಿರಿನಷ್ಟು ಸಣ್ಣ ಪಿಸುದನಿಯೊಂದು ಕೋಣೆಯಲ್ಲಿ ಹಾದುಹೋಯಿತು.

"ಮುಕುಂದ."

ಹಾರ್ಮೋನಿಯಂ ಮೇಲಿದ್ದ ಮಂದಾಕಿನಿಯ ಕೈ ನಿಂತಿತು.

"ಟೀಚರ್, ಮುಕುಂದ ಅಂದ್ರ ಯಾರ್ರಿ?" ಮುಂದಿನ ಸಾಲಿನ ಬಿಬಿಜಾನ್ ಕೇಳಿದಳು. "ನಾವು ಅನ್ನಾಕತ್ತಿಲ್ರಿ. ಗಂಟಲಾ ತಾನ ಅಂತೈತಿ."

ಮಂದಾಕಿನಿ ಪಾಠ ನಿಲ್ಲಿಸಿ ಮಕ್ಕಳನ್ನು ಆಟಕ್ಕೆ ಬಿಟ್ಟಳು. ಮುಕುಂದ ಅವಳ ತಮ್ಮ. ಏಳು ವರ್ಷದವನಿದ್ದಾಗ ಕೆರೆಯಲ್ಲಿ ಮುಳುಗಿ ಹೋಗಿದ್ದ. ಅಂದಿನಿಂದ ಸುಭದ್ರಾಬಾಯಿ ಆ ಹೆಸರೆತ್ತಲಿಲ್ಲ, ಮನೆಯಲ್ಲಿ ಯಾರಿಗೂ ಎತ್ತಗೊಡಲಿಲ್ಲ. ತಿಂಗಳು ತುಂಬುವುದರೊಳಗೆ ತಂಬೂರಿ ಎತ್ತಿಕೊಂಡು ಕಛೇರಿಗೆ ಹೊರಟ ತಾಯಿಯನ್ನು ಮಗಳು ಕ್ಷಮಿಸಿರಲಿಲ್ಲ.

ಸ್ವರಕಂಠಿಯನ್ನು ರೂಪಿಸಿದ ವಿಜ್ಞಾನಿ ಡಾ. ತೌಸೀಫ್ ಕಿತ್ತೂರ ಧಾರವಾಡದಿಂದ ಬಂದು ಪರೀಕ್ಷಿಸಿದರು.

"ಮಾತನ್ನು ಮನಸ್ಸಿನಲ್ಲಿ ನೆನೆದರೂ ತುಟಿ, ನಾಲಿಗೆ ಕೂದಲೆಳೆಯಷ್ಟು ಅಲುಗುತ್ತವೆ," ಎಂದರು. "ಇದು ಮೂಕನುಡಿ. ನಿಮ್ಮ ತಾಯಿ ದನಿ ಹೊರಡಿಸಿಲ್ಲ. ಆದರೆ ಅಲ್ಲಿಗೆ ಬಂದಾಗಲೆಲ್ಲ ಆ ಹೆಸರು ನೆನೆದಿದ್ದಾರೆ. ಸ್ವರ ಯಾವುದು, ನೆನಪು ಯಾವುದು ಎಂಬುದು ಯಂತ್ರಕ್ಕೆ ತಿಳಿಯದು; ಎಲ್ಲವನ್ನೂ ಹಿಗ್ಗಿಸಿ ದಾಟಿಸುತ್ತದೆ."

"ಪ್ರತಿ ಸಲವೂ?"

"ಒಂದು ಸಲವೂ ಬಿಟ್ಟಿಲ್ಲ."

ಮಕ್ಕಳಿಗೆ ದೆವ್ವ ಬಡಿದಿದೆ ಎಂದು ಊರಲ್ಲಿ ಮಾತು ಹಬ್ಬಿತ್ತು. ಕೆಲವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ಬಿಟ್ಟಿದ್ದರು.

"ಅಳಿಸಿಬಿಡಿ," ಎಂದಳು ಮಂದಾಕಿನಿ.

ಕಿತ್ತೂರರು ಅಳಿಸಿದರು. ಆದರೂ ಮರುದಿನ ಪಿಸುದನಿ ಬಂತು. ಮಕ್ಕಳ ಸ್ನಾಯುಗಳು ಕಲಿತದ್ದನ್ನು ಬಿಟ್ಟಿರಲಿಲ್ಲ.

"ಯಂತ್ರದಿಂದ ತೆಗೆದಿದ್ದೇನೆ. ಮಕ್ಕಳಿಂದ ಬಿಡಿಸಬೇಕಾದವರು ನೀವು," ಎಂದರು ಅವರು. "ನೀವೇ ಹಾಡಿ ತೋರಿಸಿ. ನೋಡಿ ತಿದ್ದಿಕೊಳ್ಳಲಿ."

ಪಟ್ಟಿಗಳನ್ನು ಬಿಚ್ಚಿಸಿ ಮಂದಾಕಿನಿ ಹಾಡಿದಳು. ಮಕ್ಕಳು ಅವಳ ಬಾಯಿಯನ್ನೇ ದಿಟ್ಟಿಸಿದರು.

"ನೀವೂ ಅಲ್ಲೇ ತುಟಿ ಮುಚ್ಚತೀರಿ, ಟೀಚರ್," ಎಂದಳು ಬಿಬಿಜಾನ್ ಮೆಲ್ಲಗೆ.

ಮಂದಾಕಿನಿ ತುಟಿಯ ಮೇಲೆ ಬೆರಳಿಟ್ಟು ಮತ್ತೆ ಹಾಡಿದಳು. ತಾರಷಡ್ಜದ ಅಂಚಿನಲ್ಲಿ ಬೆರಳಡಿಯ ತುಟಿಗಳು ತಾವಾಗಿ ಕೂಡಿದವು. ಅವಳು ಎಂದೂ ಸ್ವರಕಂಠಿ ಕಟ್ಟಿದವಳಲ್ಲ. ತಾಯಿಯ ಎದುರು ಕುಳಿತು, ಅವರ ಮುಖ ನೋಡುತ್ತ ಕಲಿತವಳು. ಆ ಜಾಗದಲ್ಲಿ ಇಷ್ಟು ವರ್ಷ ಅವಳು ಯಾರನ್ನು ಕರೆಯುತ್ತ ಬಂದಿದ್ದಳೆಂಬುದು ಅವಳಿಗೇ ತಿಳಿದಿರಲಿಲ್ಲ.

ಕಿತ್ತೂರರು ತಲೆ ತಗ್ಗಿಸಿದರು. ಅಳಿಸಲು ಅವಳ ಕೊರಳಲ್ಲಿ ಏನೂ ಇರಲಿಲ್ಲ.

ಮಂದಾಕಿನಿ ಹಾರ್ಮೋನಿಯಂ ಮುಚ್ಚಿ ನೆಲದ ಮೇಲೆ ಕುಳಿತಳು.

"ಇವತ್ತ ಹಾಡು ಸಾಕು. ಎಲ್ಲಾರೂ ಹತ್ರ ಬಂದು ಕುಂದರ್ರಿ," ಎಂದಳು. "ಮುಕುಂದ ನನ್ನ ತಮ್ಮ."