ಓಡದ ಕಾರು

ಗೇರ್‌ಬಾಕ್ಸನ್ನು ಹುಡುಕಿ ತಂದವನು ಶೂಗೊ. ಕಂಪನಿಯವರು ಅದನ್ನು ಮಾಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ನೀಗಾತ ನಗರದ ಗುಜರಿಯೊಂದರಲ್ಲಿ ಮಣ್ಣು ಕೆದಕಿ ಎತ್ತಿದ್ದ. ಅಪ್ಪ ಬಿಟ್ಟುಹೋದ ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು ಮತ್ತೆ ಉಸಿರಾಡಲು ಅದೊಂದೇ ಸಾಕಿತ್ತು. ನನ್ನ ಶೆಡ್ಡಿನಲ್ಲಿಡು, ತುಕ್ಕು ಹಿಡಿಯುವುದಿಲ್ಲ ಎಂದ, ಶೂಗೊ ಕೆಲಸಕ್ಕಿದ್ದ ಗ್ಯಾರೇಜಿನ ಯಜಮಾನ ಕುಬೋಕಿ, ಅದನ್ನು ತನ್ನ ಕಾರಿಗೇ ಕೂರಿಸಿಕೊಂಡ. ಅವನದೂ ಅದೇ ಮಾದರಿಯ ಕಾರು.

ಶೂಗೊ ಕೇಳಿದ್ದಕ್ಕೆ ಗಿರಾಕಿಗಳ ಮುಂದೆಯೇ ನಕ್ಕ. "ನಿಂದು ಗಾಡಿ ಅಲ್ಲ ಕಣೋ, ನಿಮ್ಮಪ್ಪನ ಸಮಾಧಿ. ಊದುಬತ್ತಿ ಹಚ್ಚಿ ಕೈ ಮುಗಿ, ಸಾಕು."

"ಅದು ನಾನು ತಂದಿದ್ದು, ಯಜಮಾನ್ರೇ."

"ಸ್ಕೂಲು ಬಿಟ್ಟು ಬಂದೋನಿಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದು ಯಾರು? ಹೋಗು, ಟೈರ್ ತೊಳಿ."

ತೊಳೆದ. ತೊಳೆಯುತ್ತಲೇ ನಿರ್ಧರಿಸಿದ: ಕುಬೋಕಿ ಸಾಯುವುದು ಬೇಡ, ಬದುಕಿರಲಿ. ಬದುಕಿದ್ದು, ತನ್ನ ಕಾರು ಬೂದಿಯಾದದ್ದನ್ನು ನೋಡಲಿ.

ಕುಬೋಕಿ ತನ್ನ ಕಾರು ನಿಲ್ಲಿಸುತ್ತಿದ್ದ ಆ ಶೆಡ್ಡು ಘಟ್ಟದ ಆಚೆ ಇತ್ತು. ಹಿಮ ಬಿದ್ದ ಮೇಲೆ ಅತ್ತ ಬಸ್ಸು ಹೋಗುವುದಿಲ್ಲ, ನಡೆದು ಹೋಗುವುದಂತೂ ಆಗದ ಮಾತು. ಗಾಡಿಯಿಲ್ಲದವನು ಈ ಊರಿನಲ್ಲಿ ಬೋನಿಗೆ ಬಿದ್ದ ಇಲಿ. ಇಷ್ಟು ದಿನ ಅವನ ಉಸಿರು ಕಟ್ಟಿಸಿದ್ದ ಆ ಬೋನೇ ಈಗ ಅವನ ಪರವಾಗಿ ಸಾಕ್ಷಿ ಹೇಳಬೇಕಿತ್ತು. ಶೂಗೊನ ಕಾರು ಓಡುವುದಿಲ್ಲ ಎಂದು ಅಂಚೆಯವನಿಂದ ಪೊಲೀಸರವರೆಗೆ ಎಲ್ಲರಿಗೂ ಗೊತ್ತಿತ್ತಲ್ಲ.

ಮುರಿದ ಎರಡು ಗೇರ್‌ಬಾಕ್ಸುಗಳಿಂದ ಹಲ್ಲು ಹಲ್ಲು ಆರಿಸಿ ಒಂದನ್ನು ಕಟ್ಟಿದ. ಎರಡನೇ ಗೇರು ಬೀಳುತ್ತಿರಲಿಲ್ಲ. ಒಂದು ಸಲ ಹೋಗಿ ಬರಲು ಅಷ್ಟು ಸಾಕು. ಮನೆಯ ಮುಂದಿನ ರಸ್ತೆ ಇಳಿಜಾರು. ಹೋಗುವಾಗ ಇಂಜಿನ್ ಹಾಕದೆ ಕೆಳಕ್ಕೆ ಉರುಳಿಸಿದರಾಯಿತು, ಸುತ್ತಿ ಬರುವಾಗ ಮೇಲಿನಿಂದ ಉರುಳಿಸಿದರಾಯಿತು. ಅಕ್ಕಪಕ್ಕದವರಿಗೆ ಸದ್ದೇ ಇಲ್ಲ. ಗಾಲಿಯ ಗುರುತನ್ನು ಹಿಮ ಮುಚ್ಚುತ್ತದೆ. ಪೆಟ್ರೋಲಿನ ವಾಸನೆ ಮೆಕ್ಯಾನಿಕ್‌ನ ಮೈಯಲ್ಲಿ ಇಲ್ಲದಿದ್ದರೆ ತಾನೇ ಅನುಮಾನ.

ಹಿಮ ದಟ್ಟವಾಗಿ ಸುರಿಯುತ್ತಿದ್ದ ಒಂದು ಸಂಜೆ, ಕುಬೋಕಿ ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಗೆಳೆಯರ ಗಾಡಿಯಲ್ಲಿ ಬಿಸಿನೀರಿನ ಬುಗ್ಗೆಗೆ ಮೀಯಲು ಹೋದದ್ದು ಖಚಿತವಾದ ಮೇಲೆ, ಶೂಗೊ ಕಾರಿನ ಹೊದಿಕೆ ತೆಗೆದ. ಬಾನೆಟ್ಟನ್ನು ಎರಡು ಸಲ ತಟ್ಟಿದ, ಒಳಗೆ ಕೂತ, ಹ್ಯಾಂಡ್‌ಬ್ರೇಕ್ ಇಳಿಸಿದ. ಕಾರು ಕನಸಿನಲ್ಲಿ ಜಾರುವಂತೆ ಸದ್ದಿಲ್ಲದೆ ಜಾರಿತು. ತಿರುವಿನಲ್ಲಿ ಇಂಜಿನ್ ಹಾಕಿದಾಗ ಅಪ್ಪನ ಕೆಮ್ಮು ನೆನಪಾಯಿತು. ಶೆಡ್ಡು ಒಣಗಿದ ಮರದ್ದು, ಒಳಗಿನ ಕಾರಿನ ಸಮೇತ ಹೊತ್ತಿಕೊಳ್ಳಲು ತಡ ಮಾಡಲಿಲ್ಲ. ಬೆಳಗಾಗುವುದರೊಳಗೆ ಕಾರು ಮತ್ತೆ ಜಾಕಿಯ ಮೇಲಿತ್ತು. ಗೇರ್‌ಬಾಕ್ಸು ಬಿಚ್ಚಿ ನೆಲದ ಮೇಲೆ ಹರಡಿತ್ತು.

ಮಧ್ಯಾಹ್ನ ಪೊಲೀಸಿನ ಯಾಗುಚಿ ಬಂದ. ಬಗ್ಗಿ ಕಾರಿನ ಕೆಳಗೆ ನೋಡಿದ.

"ಬೇಜಾರು ಮಾಡ್ಕೋಬೇಡಪ್ಪ. ಕುಬೋಕಿ ನಿನ್ನ ಹೆಸರೇ ಹೇಳ್ತಿದಾನೆ, ಬಂದು ನೋಡ್ಲೇಬೇಕಲ್ಲ."

"ಚೆನ್ನಾಗಿ ನೋಡಿ ಸಾರ್. ಇದರಲ್ಲಿ ಘಟ್ಟ ಹತ್ತಬೇಕಂದ್ರೆ ನಾನೇ ಹೆಗಲ ಮೇಲೆ ಹೊತ್ಕೊಂಡು ಹತ್ತಬೇಕು."

ಯಾಗುಚಿ ನಕ್ಕು ಟೋಪಿ ಹಾಕಿಕೊಂಡ. ಶೂಗೊ ಬಗ್ಗಿ ನೆಲದ ಮೇಲಿನ ಗೇರುಗಳನ್ನು ಒರೆಸತೊಡಗಿದ.

ಆಗ ಪಕ್ಕದ ಮನೆಯ ತಾತ್ಸು ಅಜ್ಜಿ ತಟ್ಟೆಯಲ್ಲಿ ಒಣಗಿಸಿದ ಕಾಕಿ ಹಣ್ಣು ಹಿಡಿದು ಬಂದಳು, ಕಂಕುಳಲ್ಲಿ ಬೆಕ್ಕು. "ಈ ಮಗೂನ ಹೆದರಿಸ್ಬೇಡಿ ಯಾಗುಚಿ-ಸಾನ್, ಚಿನ್ನದಂಥೋನು. ಈ ಚಳೀಲಿ ಬೆಕ್ಕುಗಳು ಇಂಜಿನ್ ಸಂದೀಲಿ ಹೋಗಿ ಮಲಗ್ತವೆ, ಬೇರೆಯವರು ನೋಡ್ದೇನೇ ಗಾಡಿ ತೆಗೀತಾರೆ. ಇವನು ಮಾತ್ರ, ಆ ಗಾಡಿ ಓಡ್ತಿದ್ದ ಕಾಲದಿಂದ್ಲೂ, ಹೊರಡೋ ಮುಂಚೆ ಬಾನೆಟ್ ತಟ್ಟಿ ಎಬ್ಬಿಸ್ದೇ ಒಂದು ದಿನಾನೂ ಗಾಡಿ ತೆಗೆದೋನಲ್ಲ. ನಿನ್ನೆ ಸಂಜೆನೂ ನೋಡಿ, ಎರಡು ಸಲ ತಟ್ಟಿದ್ದು ಒಲೆ ಮುಂದೆ ಕೂತೇ ಕೇಳಿಸ್ತು, ನಮ್ಮ ಈ ಬೆಕ್ಕು ಮಾಮೆ ಮೈಯೆಲ್ಲ ಗ್ರೀಸ್ ಮಾಡ್ಕೊಂಡು ಓಡಿ ಬಂದ್ಲು. ಅಂತೂ ಗಾಡಿ ಸರಿಹೋಯ್ತಲ್ಲ ಅಂತ ನಂಗೆಷ್ಟು ಖುಷಿಯಾಯ್ತು ಗೊತ್ತಾ." ಯಾಗುಚಿ ಬಾಯಿಯ ಹತ್ತಿರ ಒಯ್ದಿದ್ದ ಹಣ್ಣನ್ನು ತಿನ್ನದೆ ತಟ್ಟೆಗೆ ವಾಪಸ್ ಇಟ್ಟ.